499, 899, 1499: ಸಾಗರದ ಒಂದು ಮನೆ ಚಂದಾ ಆರಿಸಿದ ಬಗೆ

2025ರ ಮೇ 3, ಶನಿವಾರ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಮತ್ತು ಚೆನ್ನೈ ತಂಡಗಳ ಪಂದ್ಯ. ನಮ್ಮ ಊರು ಸಾಗರದಲ್ಲಿ ಸಂಜೆಯಿಂದ ಗುಡುಗು. ಪಂದ್ಯ ಕೊನೆಯ ಓವರುಗಳಿಗೆ ಬಂದಾಗ ನಮ್ಮ ಬೀದಿಯಲ್ಲಿ ಕರೆಂಟ್ ಹೋಗಿ ನಾಲ್ಕೈದು ನಿಮಿಷದಲ್ಲಿ ಮರಳಿತು. ಹಿಂದೆಯೇ ಮೇಷ್ಟ್ರ ಫೋನ್ ಬಂತು. ‘ಟಿವಿ ಬಂತು, ಮ್ಯಾಚ್ ಬರುತ್ತಿಲ್ಲ. ಎರಡು ಕಡೆ ಯಾರೋ ನೋಡುತ್ತಿದ್ದಾರೆ ಎಂದು ಪರದೆಯ ಮೇಲೆ ಬರೆದಿದೆ. ಯಾರಪ್ಪ ಅದು?’

ಯಾರೆಂದು ಕಂಡುಹಿಡಿಯುವಷ್ಟರಲ್ಲಿ ಆರ್‌ಸಿಬಿ ಎರಡು ರನ್ನುಗಳಿಂದ ಗೆದ್ದಾಗಿತ್ತು. ಹದಿನೆಂಟು ವರ್ಷಗಳಿಂದ ಒಂದೇ ತಂಡಕ್ಕೆ ಅಂಟಿಕೊಂಡಿರುವ ಎಪ್ಪತ್ತೆರಡು ವರ್ಷದ ಮನುಷ್ಯ ಆ ಕೊನೆಯ ಓವರನ್ನು ನೋಡಲಿಲ್ಲ. ಪಂದ್ಯ ತೋರಿಸುವ ಜಿಯೋಹಾಟ್‌ಸ್ಟಾರ್ ಆ್ಯಪ್‌ನ ಯಾವ ಚಂದಾ ಈ ಮನೆಗೆ ಸರಿ ಎಂದು ಮರುದಿನ ಬೆಳಿಗ್ಗೆ ಅವರ ಮನೆಯ ಜಗುಲಿಯಲ್ಲಿ ಕುಳಿತು ಶುರು ಮಾಡಿದ ಲೆಕ್ಕ ಜೂನ್ ಮಧ್ಯದವರೆಗೆ ನಡೆಯಿತು. ಅದರ ಪೂರ್ತಿ ವಿವರ ಇಲ್ಲಿದೆ.

ನಾನು ಊರಿನಲ್ಲಿ ಕೇಬಲ್ ನಡೆಸುವವನು. ಇಪ್ಪತ್ತು ವರ್ಷ ಮನೆಮನೆಗೆ ಹೋಗಿ ಕೇಬಲ್ ದುಡ್ಡು ಸಂಗ್ರಹಿಸಿದ್ದೇನೆ, ಈಗ ಕೆಲವು ವರ್ಷಗಳಿಂದ ಫೈಬರ್ ಇಂಟರ್‌ನೆಟ್ ಕೂಡ ಕೊಡುತ್ತೇನೆ. ಮೇಷ್ಟ್ರು ಏಳನೆಯ ತರಗತಿಯಲ್ಲಿ ನನಗೆ ಗಣಿತ ಕಲಿಸಿದವರು. ಒಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು: ಈ ಮನೆ ಕೇಬಲ್ ಬಿಟ್ಟರೆ ನನ್ನ ಆದಾಯ ಕಡಿಮೆಯಾಗುತ್ತದೆ, ಇಂಟರ್‌ನೆಟ್ ವೇಗ ಹೆಚ್ಚಿಸಿಕೊಂಡರೆ ಆದಾಯ ಹೆಚ್ಚುತ್ತದೆ. ಎರಡೂ ಕಡೆ ನನ್ನ ಸ್ವಾರ್ಥವಿದೆ. ಅದು ಲೆಕ್ಕದೊಳಗೆ ನುಸುಳದಂತೆ ಎಚ್ಚರ ವಹಿಸಿದ್ದೇನೆ, ಓದುವವರೂ ಎಚ್ಚರದಿಂದ ಓದಲಿ.

ಮನೆಯಲ್ಲಿ ಐದು ಜನ: ಮೇಷ್ಟ್ರು, ಅಮ್ಮಾವರು, ಸಹಕಾರಿ ಸಂಘದಲ್ಲಿ ಕೆಲಸ ಮಾಡುವ ಮಗ, ಪ್ರೌಢಶಾಲೆಯಲ್ಲಿ ಶಿಕ್ಷಕಿಯಾಗಿರುವ ಸೊಸೆ, ಆಗಷ್ಟೇ ಸಿಇಟಿ ಬರೆದು ಮುಗಿಸಿದ್ದ ಮೊಮ್ಮಗ. ಮೇಷ್ಟ್ರ ಮಗಳು ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದು ಕೆಲಸಕ್ಕೆ ಹೋಗುತ್ತಾಳೆ. ಒಳಗಿನ ಕೋಣೆಯಲ್ಲಿ ಹಳೆಯ 32 ಇಂಚಿನ ಟಿವಿ, ಅದಕ್ಕೆ ನನ್ನ ಸೆಟ್ ಟಾಪ್ ಬಾಕ್ಸ್. ಸಂಜೆ ಅದು ಅಮ್ಮಾವರದು. ಹಾಲ್‌ನಲ್ಲಿ ಹಿಂದಿನ ದೀಪಾವಳಿಗೆ ಕಂತಿನಲ್ಲಿ ತಂದ 43 ಇಂಚಿನ 4ಕೆ ಟಿವಿ. ಅದಕ್ಕೆ ಕೇಬಲ್ ಇಲ್ಲ, 40 ಎಂಬಿಪಿಎಸ್ (ಇಂಟರ್‌ನೆಟ್ ವೇಗದ ಅಳತೆ) ಫೈಬರ್ ಸಂಪರ್ಕವೇ ಆಧಾರ.

ಚಂದಾ ಜಿಯೋಹಾಟ್‌ಸ್ಟಾರ್‌ನದು. ಜಿಯೋಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಒಂದಾಗಿ 2025ರ ಫೆಬ್ರುವರಿ 14ರಂದು ಈ ಹೆಸರಿನಲ್ಲಿ ಬಂದ ಸೇವೆ ಅದು. ಕನ್ನಡದ ಮನೆಗಳಿಗೆ ಇದು ಮುಖ್ಯವಾದದ್ದಕ್ಕೆ ಎರಡು ಕಾರಣಗಳಿವೆ. ಐಪಿಎಲ್ ಅಲ್ಲಿ ಬರುತ್ತದೆ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡರ ಧಾರಾವಾಹಿಗಳೂ ಅಲ್ಲೇ ಸಿಗುತ್ತವೆ. ಜೀ ಕನ್ನಡದವು ಬೇಕಾದರೆ ಜೀ5ಕ್ಕೆ ಹೋಗಬೇಕು, ಉದಯದವು ಬೇಕಾದರೆ ಸನ್ ನೆಕ್ಸ್ಟ್‌ಗೆ. ಯಾವ ಒಂದು ಚಂದಾದಲ್ಲೂ ಕನ್ನಡದ ಎಲ್ಲ ಚಾನೆಲ್ ಸಿಗುವುದಿಲ್ಲ. ‘ಕೇಬಲ್ ತೆಗೆಸಿ ಇದೊಂದನ್ನು ಹಾಕಿಸಿಕೊಂಡರೆ ಸಾಕೇ?’ ಎಂದು ಕೇಳಿದ ಪ್ರತಿಯೊಬ್ಬರಿಗೂ ನಾನು ಮೊದಲು ಹೇಳುವುದು ಇದನ್ನೇ.

2025ರ ಮೊದಲಾರ್ಧದಲ್ಲಿ ಮೂರು ಮೆಟ್ಟಿಲುಗಳಿದ್ದವು. ಕೆಳಗಿನದು ‘ಮೊಬೈಲ್’: ಮೂರು ತಿಂಗಳಿಗೆ 149, ವರ್ಷಕ್ಕೆ 499 ರೂಪಾಯಿ. ಒಂದೇ ಸಾಧನ, ಅದೂ ಮೊಬೈಲ್ ಮಾತ್ರ, ಚಿತ್ರದ ಗುಣಮಟ್ಟ 720, ಅಂದರೆ ಚಿತ್ರದಲ್ಲಿ ಮೇಲಿನಿಂದ ಕೆಳಗೆ ಅಷ್ಟು ಸಾಲು ಚುಕ್ಕಿಗಳು, ಸಾಲು ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ. ನಡುವಿನದು ‘ಸೂಪರ್’: ಮೂರು ತಿಂಗಳಿಗೆ 299, ವರ್ಷಕ್ಕೆ 899. ಟಿವಿಯಲ್ಲೂ ನೋಡಬಹುದು, ಏಕಕಾಲಕ್ಕೆ ಎರಡು ಸಾಧನ, ಗುಣಮಟ್ಟ 1080. ಈ ಎರಡರಲ್ಲೂ ಜಾಹೀರಾತು ಇರುತ್ತದೆ. ಮೇಲಿನದು ‘ಪ್ರೀಮಿಯಂ’: ತಿಂಗಳಿಗೆ 299, ಮೂರು ತಿಂಗಳಿಗೆ 499, ವರ್ಷಕ್ಕೆ 1499. ನಾಲ್ಕು ಸಾಧನ, 1080ಕ್ಕಿಂತಲೂ ಸೂಕ್ಷ್ಮವಾದ 4ಕೆ ಚಿತ್ರ, ಜಾಹೀರಾತು ಇಲ್ಲ. ಜಾಹೀರಾತು ಇಲ್ಲ ಎಂಬ ಮಾತು ಕ್ರೀಡೆಯ ನೇರ ಪ್ರಸಾರಕ್ಕೆ ಅನ್ವಯಿಸುವುದಿಲ್ಲ. ಆ ಒಂದು ಸಾಲನ್ನು ಓದದೆ ಎಷ್ಟು ಮಂದಿ ದುಡ್ಡು ಕಟ್ಟಿದ್ದಾರೋ ಎಂದು ನನಗೆ ಈಗಲೂ ಕಳವಳವಾಗುತ್ತದೆ.

ಮೇಷ್ಟ್ರು ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದವರು. ಫೆಬ್ರುವರಿ ಕೊನೆಯಲ್ಲಿ ಅತಿ ಕಡಿಮೆ ಬೆಲೆಯದು ಎಂದು ತಮ್ಮ ಫೋನಿನಿಂದ 149 ಕಟ್ಟಿದರು. ಹಾಲ್‌ನ ಟಿವಿಯಲ್ಲಿ ಅದು ಬರಲಿಲ್ಲ. ಬರುವಂತೆಯೂ ಇರಲಿಲ್ಲ, ಯೋಜನೆಯ ಹೆಸರಿನಲ್ಲೇ ಮೊಬೈಲ್ ಎಂದಿದೆ. ಮಾರ್ಚ್ 22ರಂದು, ಕೋಲ್ಕತ್ತಾದಲ್ಲಿ ಆರ್‌ಸಿಬಿಯೇ ಆಡಿದ ಐಪಿಎಲ್‌ನ ಮೊದಲ ಪಂದ್ಯದ ದಿನ, ನನ್ನನ್ನು ಕರೆಸಿ ಮೂರು ತಿಂಗಳ ಸೂಪರ್‌ಗೆ ಏರಿದರು. ಟಿವಿಯಲ್ಲಿ ಚಿತ್ರ ಬಂತು, ಎಲ್ಲರೂ ಸಂತೋಷಪಟ್ಟರು. ಮೊಮ್ಮಗ ಅದೇ ಖಾತೆಯನ್ನು ತನ್ನ ಫೋನಿನಲ್ಲಿ ತೆರೆದುಕೊಂಡ. ಬೆಂಗಳೂರಿನಿಂದ ಮಗಳು ಫೋನ್ ಮಾಡಿ ಒಟಿಪಿ ಕೇಳಿದಳು, ಮೇಷ್ಟ್ರು ಹೇಳಿದರು. ಎಷ್ಟು ಜನ ಎಂದು ಯಾರೂ ಎಣಿಸಲಿಲ್ಲ. ನಾನೂ ಎಣಿಸಲಿಲ್ಲ.

ಮೇ 3ರಂದು ಆದದ್ದು ಇಷ್ಟು. ಟಿವಿ ಮತ್ತು ಮೊಮ್ಮಗನ ಫೋನ್ ಎರಡರಲ್ಲಿ ಪಂದ್ಯ ಓಡುತ್ತಿದ್ದುದರಿಂದ ಬೆಂಗಳೂರಿನ ಫೋನಿಗೆ ಪ್ರವೇಶ ಸಿಗುತ್ತಿರಲಿಲ್ಲ. ಕರೆಂಟ್ ಹೋದಾಗ ಟಿವಿ ಆರಿತು. ರೂಟರ್ ಮಾತ್ರ ಇನ್ವರ್ಟರ್ ಮೇಲಿದ್ದುದರಿಂದ ಮೊಮ್ಮಗನ ಫೋನ್ ನಿಲ್ಲಲಿಲ್ಲ. ತೆರವಾದ ಜಾಗಕ್ಕೆ ಮಗಳು ಬಂದಳು. ಟಿವಿ ಮರಳಿ ಹೊತ್ತಿದಾಗ ಅದು ಮೂರನೆಯದಾಗಿತ್ತು. ಇದರಲ್ಲಿ ಸಂಸ್ಥೆಯ ತಪ್ಪೇನೂ ಇಲ್ಲ, ಎರಡು ಸಾಧನ ಎಂದು ಮೊದಲೇ ಬರೆದಿತ್ತು. ಮಗಳದೂ ತಪ್ಪಲ್ಲ. ಖಾತೆಯ ಒಡೆಯ ಯಾರು ಎಂಬುದು ಯಂತ್ರಕ್ಕೆ ಗೊತ್ತಿಲ್ಲ, ಮೊದಲು ಯಾರು ಬಂದರು ಎಂಬುದಷ್ಟೇ ಗೊತ್ತು.

ಮರುದಿನ ಮೇಷ್ಟ್ರು ನೇರವಾಗಿ ಕೇಳಿದರು: ‘ದೊಡ್ಡದನ್ನೇ ಹಾಕಿಸಿಬಿಡಲೇ?’ ಹಾಗೆ ಕೇಳುವಂತೆ ಬೆಲೆಯ ಪಟ್ಟಿಯೇ ಮಾಡುತ್ತದೆ. ಮೊಬೈಲ್‌ನಿಂದ ಸೂಪರ್‌ಗೆ ವರ್ಷಕ್ಕೆ 400 ರೂಪಾಯಿ ಹೆಚ್ಚು, ಅಲ್ಲಿಂದ ಪ್ರೀಮಿಯಂಗೆ ಇನ್ನೊಂದು 600. ಪರದೆಯೊಂದಕ್ಕೆ ಎಷ್ಟು ಬೀಳುತ್ತದೆ ಎಂದು ನೋಡಿದರೆ ಮೊಬೈಲ್‌ನಲ್ಲಿ 499, ಸೂಪರ್‌ನಲ್ಲಿ ಸುಮಾರು 450, ಪ್ರೀಮಿಯಂನಲ್ಲಿ 375. ಮೇಲೆ ಹೋದಂತೆ ಅಗ್ಗ ಎನಿಸುತ್ತದೆ. ಆದರೆ ಈ ಭಾಗಾಕಾರದಲ್ಲಿ ಒಂದು ಷರತ್ತು ಅಡಗಿದೆ, ನಾಲ್ಕೂ ಪರದೆಗಳು ನಿಜಕ್ಕೂ ಒಟ್ಟಿಗೆ ಉರಿಯಬೇಕು. ಮೂರೇ ಉರಿದರೆ ಪ್ರೀಮಿಯಂನಲ್ಲಿ ಪರದೆಗೆ 500 ಬೀಳುತ್ತದೆ, ಎರಡೇ ಆದರೆ 750. ಇದನ್ನು ನಾನು ಹೇಳಿದಾಗ ಮೇಷ್ಟ್ರು ನಕ್ಕು, ಮೂರು ದಶಕ ಮಕ್ಕಳಿಗೆ ಹೇಳಿದ ಮಾತನ್ನೇ ನನಗೆ ಹೇಳಿದರು: ‘ಛೇದದಲ್ಲಿ ಏನಿದೆ ಎಂದು ಮೊದಲು ನೋಡಬೇಕು.’

ಛೇದವನ್ನು ಹುಡುಕಲು ಅವರು ಒಂದು ಗೆರೆ ಹಾಕಿದ ನೋಟ್‌ಬುಕ್ ತೆಗೆದರು. ತಾರೀಖು, ವೇಳೆ, ಯಾರು, ಯಾವ ಪರದೆ, ಏನು, ಹೀಗೆ ಐದು ಕಾಲಂ. ದಿನವೂ ಸಂಜೆ ಕುಳಿತು ಬರೆಯುವುದು, ಬೆಂಗಳೂರಿನ ಮಗಳು ರಾತ್ರಿ ಫೋನಿನಲ್ಲಿ ತನ್ನದನ್ನು ಹೇಳುವುದು ಎಂದು ಮಾತಾಯಿತು. ಮೇ 10ರ ಶನಿವಾರದಿಂದ ಶುರುವಾಯಿತು.

ಇಲ್ಲಿ ಯಾರೂ ನಿರೀಕ್ಷಿಸದ ಒಂದು ಸಹಾಯ ಒದಗಿತು. ಭಾರತ ಮತ್ತು ಪಾಕಿಸ್ತಾನಗಳ ನಡುವಿನ ಸಂಘರ್ಷದ ಕಾರಣ ಮೇ 9ರಂದು ಐಪಿಎಲ್ ಅನ್ನು ಒಂದು ವಾರ ನಿಲ್ಲಿಸಲಾಯಿತು, ಮತ್ತೆ ಶುರುವಾದದ್ದು ಮೇ 17ರಂದು. ಹಾಗಾಗಿ ನೋಟ್‌ಬುಕ್ಕಿನ ಮೊದಲ ವಾರದಲ್ಲಿ ಪಂದ್ಯವೇ ಇಲ್ಲ, ಎರಡನೆಯ ವಾರದಲ್ಲಿ ಪಂದ್ಯವಿದೆ. ಮನೆ ಅದೇ, ಜನ ಅವರೇ, ಟಿವಿ ಅದೇ, ಬದಲಾದದ್ದು ಒಂದೇ ಅಂಶ. ಬೇಕೆಂದು ಏರ್ಪಡಿಸಿದರೂ ಇಷ್ಟು ಚೊಕ್ಕವಾದ ಹೋಲಿಕೆ ಸಿಗುತ್ತಿರಲಿಲ್ಲ.

ಮೊದಲ ವಾರದ ಏಳು ಸಂಜೆಗಳಲ್ಲಿ ಒಂದೇ ಸಮಯಕ್ಕೆ ಎರಡು ಪರದೆಗಳಿಗಿಂತ ಹೆಚ್ಚು ಒಮ್ಮೆಯೂ ಉರಿಯಲಿಲ್ಲ. ಮೂರು ಸಂಜೆ ಒಂದೇ ಪರದೆ, ಒಂದು ಸಂಜೆ ಅದೂ ಇಲ್ಲ, ಎಲ್ಲರೂ ಮದುವೆ ಮನೆಗೆ ಹೋಗಿದ್ದರು. ಅಮ್ಮಾವರು ಒಳಗಿನ ಕೋಣೆಯಲ್ಲಿ ಕೇಬಲ್‌ನಲ್ಲಿ ಧಾರಾವಾಹಿ ನೋಡುತ್ತಿದ್ದರು, ಅದು ಈ ಲೆಕ್ಕಕ್ಕೆ ಬರುವುದಿಲ್ಲ. ತಪ್ಪಿಹೋದ ಕಂತುಗಳನ್ನು ಮಾತ್ರ ಮರುದಿನ ಮಧ್ಯಾಹ್ನ ಹಾಲ್‌ನ ಟಿವಿಯಲ್ಲಿ ನೋಡುತ್ತಿದ್ದರು. ಆ ಹೊತ್ತಿನಲ್ಲಿ ಬೇರೆ ಯಾರೂ ಇರುವುದಿಲ್ಲ.

ಎರಡನೆಯ ವಾರದಲ್ಲಿ ನಾಲ್ಕು ಸಂಜೆ ಮೂರು ಪರದೆಗಳಿಗೆ ಬೇಡಿಕೆ ಬಂತು. ಮೇ 17ರಂದು ಬೆಂಗಳೂರಿನಲ್ಲಿ ಮಳೆ ಬಂದು ಆರ್‌ಸಿಬಿಯ ಪಂದ್ಯ ಒಂದು ಚೆಂಡೂ ಇಲ್ಲದೆ ರದ್ದಾಯಿತು, ಆದರೂ ಮೂವರೂ ಮೂರು ಕಡೆ ಮಳೆ ನಿಲ್ಲುವುದನ್ನೇ ಕಾಯುತ್ತ ಕುಳಿತಿದ್ದರೆಂದು ಮೇಷ್ಟ್ರು ದಾಖಲಿಸಿದ್ದಾರೆ. ಮೂರನೆಯ ಪರದೆ ಪ್ರತಿ ಸಲವೂ ಮಗಳ ಫೋನ್. ನಾಲ್ಕನೆಯದಕ್ಕೆ ಎರಡು ವಾರದಲ್ಲಿ ಒಮ್ಮೆಯೂ ಬೇಡಿಕೆ ಬರಲಿಲ್ಲ.

ಇಷ್ಟಾದ ಮೇಲೆ ಪ್ರೀಮಿಯಂನ ಉಳಿದ ಎರಡು ಆಕರ್ಷಣೆಗಳನ್ನು ತೂಗಿ ನೋಡಬೇಕಾಗಿತ್ತು, 4ಕೆ ಮತ್ತು ಜಾಹೀರಾತು ಇಲ್ಲದಿರುವುದು.

4ಕೆ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ, ಅಳತೆ ಮಾಡಿಯೇ ಹೇಳುತ್ತೇನೆ. 43 ಇಂಚಿನ ಟಿವಿಯ ಪರದೆ ಸುಮಾರು 95 ಸೆಂಟಿಮೀಟರ್ ಅಗಲ. 1080 ಗುಣಮಟ್ಟದಲ್ಲಿ ಆ ಅಗಲದಲ್ಲಿ 1920 ಚುಕ್ಕಿಗಳು, ಅಂದರೆ ಒಂದು ಚುಕ್ಕಿ ಅರ್ಧ ಮಿಲಿಮೀಟರ್. ಆರೋಗ್ಯವಂತ ಕಣ್ಣು ಬೇರ್ಪಡಿಸಿ ನೋಡಬಲ್ಲ ಅತಿ ಚಿಕ್ಕ ಕೋನ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. ಈ ಲೆಕ್ಕದಲ್ಲಿ ಅರ್ಧ ಮಿಲಿಮೀಟರ್ ಚುಕ್ಕಿ ಕಣ್ಣಿಗೆ ಬೇರೆಯಾಗಿ ಕಾಣುವುದು ಸುಮಾರು 1.7 ಮೀಟರ್ ದೂರದವರೆಗೆ, ಅಂದರೆ ಐದೂವರೆ ಅಡಿ. ಮೇಷ್ಟ್ರ ಕುರ್ಚಿ ಟಿವಿಯಿಂದ ಹನ್ನೊಂದು ಅಡಿ ದೂರದಲ್ಲಿದೆ, ಟೇಪ್ ಹಿಡಿದು ನಾವಿಬ್ಬರೂ ಅಳೆದೆವು. ಅಷ್ಟು ದೂರಕ್ಕೆ 1080ರ ಚುಕ್ಕಿಯೇ ಕಣ್ಣಿಗೆ ಸಿಗುವುದಿಲ್ಲ. ಅದರ ಅರ್ಧದಷ್ಟಿರುವ 4ಕೆ ಚುಕ್ಕಿಗೆ ದುಡ್ಡು ಕೊಟ್ಟು ಪ್ರಯೋಜನವೇನು? ಟಿವಿ ಅಂಗಡಿಯಲ್ಲಿ ಎರಡು ಅಡಿ ದೂರ ನಿಂತು ನೋಡಿದಾಗ ವ್ಯತ್ಯಾಸ ಕಂಡದ್ದು ನಿಜ. ಮನೆಯಲ್ಲಿ ಯಾರೂ ಎರಡು ಅಡಿ ದೂರದಲ್ಲಿ ಕೂರುವುದಿಲ್ಲ. ಬಣ್ಣ ಮತ್ತು ಬೆಳಕಿನಲ್ಲಿ ಮೇಲಿನ ಯೋಜನೆಗೆ ಬೇರೆ ಗುಣಗಳಿವೆ, ಅವನ್ನು ತೋರಿಸುವಷ್ಟು ಪ್ರಖರವಾದ ಟಿವಿ ಇದಲ್ಲ.

ಇಂಟರ್‌ನೆಟ್ ವೇಗದ ಮಾತೂ ಇದೇ ತೂಕದ್ದು. ನೆಟ್‌ಫ್ಲಿಕ್ಸ್ ತನ್ನ ವೀಕ್ಷಕರಿಗೆ ಸೂಚಿಸುವ ವೇಗ 1080 ಗುಣಮಟ್ಟಕ್ಕೆ 5 ಎಂಬಿಪಿಎಸ್, 4ಕೆಗೆ 15. ಬೇರೆ ಸೇವೆಗಳ ಅಗತ್ಯವೂ ಇದರ ಆಸುಪಾಸಿನಲ್ಲೇ ಇರುತ್ತದೆ. ಈ ಮನೆಯ 40 ಎಂಬಿಪಿಎಸ್ ಲೈನಿನಲ್ಲಿ ಎರಡು 4ಕೆ ಪರದೆ ಓಡಿದರೆ ಉಳಿಯುವುದು ಹತ್ತು. ನಾಲ್ಕೂ 4ಕೆಯಲ್ಲಿ ಬೇಕೆಂದರೆ ನನ್ನಿಂದ ಇನ್ನೂ ದುಬಾರಿಯ ಲೈನ್ ತೆಗೆದುಕೊಳ್ಳಬೇಕು. ಅದನ್ನು ಮಾರಲು ಒಳ್ಳೆಯ ಸಂದರ್ಭವಾಗಿತ್ತು. ಬೇಡ ಎಂದು ನಾನೇ ಹೇಳಿದೆ.

ಜಾಹೀರಾತಿನ ವಿಷಯಕ್ಕೆ ಬಂದಾಗ ಮೇಷ್ಟ್ರಿಗೆ ಆಶ್ಚರ್ಯ ಕಾದಿತ್ತು. ಓವರ್ ಮುಗಿದಾಗಲೆಲ್ಲ ಬರುವ ಜಾಹೀರಾತು ಪ್ರೀಮಿಯಂ ತೆಗೆದುಕೊಂಡರೆ ನಿಲ್ಲುತ್ತದೆ ಎಂದು ಅವರು ನಂಬಿದ್ದರು. ನೇರ ಪ್ರಸಾರದಲ್ಲಿ ಅದು ನಿಲ್ಲುವುದಿಲ್ಲ ಎಂದು ಯೋಜನೆಯ ವಿವರವನ್ನು ಅವರ ಮುಂದೆಯೇ ತೆರೆದು ತೋರಿಸಿದೆ. ಅಂದರೆ ಕ್ರಿಕೆಟ್ ಮಾತ್ರ ನೋಡುವವನಿಗೆ ಆ 600 ರೂಪಾಯಿಯಿಂದ ಜಾಹೀರಾತಿನ ಮಟ್ಟಿಗೆ ಏನೂ ಸಿಗುವುದಿಲ್ಲ. ಲಾಭವೇನಿದ್ದರೂ ಧಾರಾವಾಹಿ ಮತ್ತು ಸಿನಿಮಾ ನೋಡುವವರಿಗೆ. ಅಮ್ಮಾವರನ್ನು ಕೇಳಿದೆವು. ‘ಜಾಹೀರಾತು ಬಂದಾಗಲೇ ಅಲ್ಲವೇ ನಾನು ಎದ್ದು ಅನ್ನ ನೋಡಿ ಬರುವುದು. ನನಗೇನೂ ತೊಂದರೆಯಿಲ್ಲ’ ಎಂದರು.

ಹೀಗೆ ಮೇ ಕೊನೆಯ ಹೊತ್ತಿಗೆ ನನ್ನ ಸಲಹೆ ಸಿದ್ಧವಾಗಿತ್ತು. ವರ್ಷದ ಸೂಪರ್ 899. ಮೂರನೆಯ ಪರದೆ ಮಗಳ ಫೋನ್ ಆದ್ದರಿಂದ, ಅವಳ ಸಂಖ್ಯೆಯಲ್ಲೇ ಬೇರೆಯಾಗಿ ಮೊಬೈಲ್ ಯೋಜನೆ. ಅದನ್ನು ವರ್ಷಕ್ಕೆ ತೆಗೆದುಕೊಂಡರೆ 499, ಒಟ್ಟು 1398, ಪ್ರೀಮಿಯಂಗಿಂತ 101 ರೂಪಾಯಿ ಮಾತ್ರ ಕಡಿಮೆ. ಅಷ್ಟಕ್ಕೆ ಈ ಜೋಡಣೆ ಬೇಡ. ಆದರೆ ನೋಟ್‌ಬುಕ್ ಹೇಳುವಂತೆ ಮೂರನೆಯ ಪರದೆ ಬೇಕಾದದ್ದು ಐಪಿಎಲ್‌ಗೆ ಮಾತ್ರ. ಮಾರ್ಚ್ 22ರಿಂದ ಜೂನ್ 3ರವರೆಗೆ, ನಡುವೆ ನಿಂತ ವಾರವನ್ನೂ ಸೇರಿಸಿ, 74 ದಿನ. ಮೂರು ತಿಂಗಳ 149 ರೂಪಾಯಿಯ ಮೊಬೈಲ್ ಯೋಜನೆ ಅದನ್ನು ಪೂರ್ತಿ ಒಳಗೊಳ್ಳುತ್ತದೆ. ಒಟ್ಟು 1048. ಪ್ರೀಮಿಯಂಗಿಂತ 451 ರೂಪಾಯಿ ಉಳಿತಾಯ.

ಮಗಳಿಗೆ ಬೇರೆ ಸಂಖ್ಯೆ ಎಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಬೇರೆ ಊರಿನಲ್ಲಿರುವವರೊಂದಿಗೆ ಖಾತೆ ಹಂಚಿಕೊಳ್ಳುವ ಪದ್ಧತಿ ಎಷ್ಟು ದಿನ ನಡೆಯುತ್ತದೆ ಎಂಬ ಭರವಸೆ ಯಾವ ಸೇವೆಯಲ್ಲೂ ಇಲ್ಲ. ಒಂದು ಖಾತೆ ಒಂದು ಮನೆಗೆ ಮಾತ್ರ ಎಂಬ ನಿಯಮವನ್ನು ನೆಟ್‌ಫ್ಲಿಕ್ಸ್ 2023ರ ಜುಲೈನಲ್ಲಿ ಭಾರತದಲ್ಲಿ ಜಾರಿಗೆ ತಂದಾಗ, ನಮ್ಮ ಊರಿನಲ್ಲೇ ಎಷ್ಟೋ ಅಣ್ಣತಮ್ಮಂದಿರ ಮನೆಗಳಲ್ಲಿ ‘ನಿನ್ನದು ಬರುತ್ತಿಲ್ಲವಲ್ಲ’ ಎಂಬ ಮಾತು ನಡೆದದ್ದನ್ನು ಕೇಳಿದ್ದೇನೆ. ಮೆಟ್ಟಿಲುಗಳ ಬೆಲೆಯೂ ಶಾಶ್ವತವಲ್ಲ. ಇದೇ ನೆಟ್‌ಫ್ಲಿಕ್ಸ್ 2016ರಲ್ಲಿ ಭಾರತಕ್ಕೆ ಬಂದಾಗ ಕೆಳಗಿನ ಮೆಟ್ಟಿಲೇ 500 ರೂಪಾಯಿ ಇತ್ತು. 2019ರಲ್ಲಿ ಮೊಬೈಲಿಗೆಂದೇ 199ರ ಯೋಜನೆ ತಂದಿತು, 2021ರ ಡಿಸೆಂಬರ್‌ನಲ್ಲಿ ಅದನ್ನು 149ಕ್ಕೆ ಇಳಿಸಿತು, 499 ಇದ್ದ ಬೇಸಿಕ್ ಯೋಜನೆಯನ್ನು 199ಕ್ಕೆ ತಂದಿತು. ಅದೇ ತಿಂಗಳು ಅಮೆಜಾನ್ ಪ್ರೈಮ್ 999ರಿಂದ 1499ಕ್ಕೆ ಏರಿತು. ಒಂದೇ ತಿಂಗಳಲ್ಲಿ ಒಂದು ಇಳಿಯಿತು, ಇನ್ನೊಂದು ಏರಿತು. ನಾನು ಚಂದಾ ಬಗ್ಗೆ ಯಾರಿಗೂ ಒಂದು ವರ್ಷಕ್ಕಿಂತ ಆಚೆಯ ಮಾತು ಹೇಳುವುದಿಲ್ಲ.

ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿ ಮೊದಲ ಸಲ ಕಪ್ ಗೆದ್ದಿತು. ಆ ರಾತ್ರಿ ಮೇಷ್ಟ್ರ ಮನೆಯಲ್ಲಿ ಎಲ್ಲರೂ ಒಂದೇ ಟಿವಿಯ ಮುಂದಿದ್ದರು, ನಾನೂ ಇದ್ದೆ. ಮಗಳಿಗೆ ಸಿಗಲೆಂದು ಮೊಮ್ಮಗ ತನ್ನ ಫೋನನ್ನು ಆರಿಸಿ ಇಟ್ಟಿದ್ದ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ತೀರಿಕೊಂಡರು. ಮಗಳು ಫೋನ್ ಎತ್ತುವವರೆಗೆ ಆ ಮನೆಯಲ್ಲಿ ಯಾರೂ ಕುಳಿತಲ್ಲಿ ಕೂರಲಿಲ್ಲ, ಅವಳು ಕಚೇರಿಯಲ್ಲೇ ಇದ್ದಳು. ಆಮೇಲೆ ಒಂದು ವಾರ ಚಂದಾ, ಕ್ರಿಕೆಟ್ ಯಾವುದರ ಮಾತೂ ಬರಲಿಲ್ಲ.

ಸೂಪರ್‌ನ ಮೂರು ತಿಂಗಳು ಜೂನ್ 21ರ ಹೊತ್ತಿಗೆ ಮುಗಿಯುವುದಿತ್ತು. ಅದಕ್ಕೂ ಮುಂಚಿನ ಭಾನುವಾರ ನಾನು ನನ್ನ 1048ರ ಲೆಕ್ಕವನ್ನು ಹಾಳೆಯಲ್ಲಿ ಬರೆದುಕೊಂಡು ಹೋದೆ. ಹೊರಗೆ ಜಡಿಮಳೆ. ಮೇಷ್ಟ್ರಿಗೆ ತೋರಿಸಲೆಂದು ಹಾಲ್‌ನ ಟಿವಿಯಲ್ಲಿ ಆ್ಯಪ್ ತೆರೆದೆ. ಅರ್ಧ ನೋಡಿ ಬಿಟ್ಟ ಕಾರ್ಯಕ್ರಮಗಳ ಸಾಲು ಮೇಲೆಯೇ ಕಂಡಿತು. ಅಮ್ಮಾವರ ಎರಡು ಧಾರಾವಾಹಿ, ಮೊಮ್ಮಗನ ಒಂದು ಇಂಗ್ಲಿಷ್ ಸರಣಿ, ಜೊತೆಗೆ ಮೂರು ಸಿನಿಮಾ. ಒಂದು ಮುಕ್ಕಾಲು ಮುಗಿದಿದೆ, ಇನ್ನೊಂದು ಅರ್ಧ, ಮತ್ತೊಂದು ಈಗಷ್ಟೇ ಶುರು. ‘ಇವು ಯಾರವು?’ ಎಂದೆ. ಮೇಷ್ಟ್ರಿಗೆ ಗೊತ್ತಿರಲಿಲ್ಲ. ಮೊಮ್ಮಗ ತನ್ನದಲ್ಲ ಎಂದ. ಮಗನೂ ಅಲ್ಲ ಎಂದರು. ನೋಟ್‌ಬುಕ್ ತಿರುವಿ ನೋಡಿದೆವು. ಎರಡು ವಾರಗಳ ಹದಿನಾಲ್ಕು ಪುಟಗಳಲ್ಲಿ ಸಿನಿಮಾ ಎಂಬ ಪದವೇ ಇರಲಿಲ್ಲ.

ಅಡುಗೆಮನೆಯಿಂದ ಸೊಸೆ ಬಂದು ಬಾಗಿಲಲ್ಲಿ ನಿಂತು, ‘ಅವು ನನ್ನವು ಮಾವ’ ಎಂದರು.

ನೋಟ್‌ಬುಕ್ಕಿನಲ್ಲಿ ಅವರ ಹೆಸರು ಒಂದು ಸಲವೂ ಬಂದಿರಲಿಲ್ಲ. ಮೇಷ್ಟ್ರು ಹತ್ತು ಗಂಟೆಗೆ ಮಲಗುತ್ತಾರೆ, ನೋಟ್‌ಬುಕ್ ಕೂಡ ಅದೇ ಹೊತ್ತಿಗೆ ಮುಚ್ಚುತ್ತಿತ್ತು. ಸೊಸೆ ಫೋನ್ ಹಿಡಿದು ಕೂರುತ್ತಿದ್ದುದು ಹತ್ತೂವರೆಯ ಮೇಲೆ, ಪಾತ್ರೆ ಮುಗಿಸಿ, ಮರುದಿನಕ್ಕೆ ಅಕ್ಕಿ ನೆನೆಹಾಕಿ ಆದ ನಂತರ. ಆಗ ಎಲ್ಲ ಪರದೆಗಳೂ ಖಾಲಿ, ಹಾಗಾಗಿ ಸಾಧನಗಳ ಮಿತಿ ಅವರಿಗೆ ಎಂದೂ ಅಡ್ಡ ಬಂದಿರಲಿಲ್ಲ, ದೂರು ಹೇಳುವ ಸಂದರ್ಭವೂ ಬಂದಿರಲಿಲ್ಲ. ಏಪ್ರಿಲ್, ಮೇ ಎಂದರೆ ಶಾಲೆಗೆ ರಜೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಮಲೆನಾಡಿನ ಮನೆಯಲ್ಲಿ ಆ ಎರಡು ತಿಂಗಳು ಹಲಸಿನ ಹಪ್ಪಳ, ಅಪ್ಪೆಮಿಡಿ, ಮದುವೆ ಮುಂಜಿ, ಬಂದು ಹೋಗುವ ನೆಂಟರು. ಮೇ 29ಕ್ಕೆ ಶಾಲೆ ಮತ್ತೆ ಶುರುವಾಗಿತ್ತು. ಒಂದು ಸಿನಿಮಾವನ್ನು ಅವರು ನಾಲ್ಕು ರಾತ್ರಿಗಳಲ್ಲಿ ನೋಡಿ ಮುಗಿಸುತ್ತಿದ್ದರು.

ನಾನು ಕೇಳಿದೆ: ‘ಅಕ್ಕಾ, ಜಾಹೀರಾತಿನಿಂದ ನಿಮಗೆ ತೊಂದರೆ ಆಗುತ್ತದೆಯೇ?’

‘ಅರ್ಧ ಗಂಟೆ ಸಿಕ್ಕರೆ ಹೆಚ್ಚು’ ಎಂದರು ಅವರು. ‘ಅದರಲ್ಲಿ ಜಾಹೀರಾತು ಬಂದರೆ ಆ ಹೊತ್ತಿಗೆ ನಿದ್ದೆ ಬಂದುಬಿಡುತ್ತದೆ. ಎಲ್ಲಿ ಬಿಟ್ಟೆ ಎಂಬುದೂ ಮರೆಯುತ್ತದೆ.’ ದೂರಿನ ದನಿ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟರು, ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದರು.

ನನ್ನ ಹಾಳೆಯ 1048 ಆ ಕ್ಷಣಕ್ಕೆ ಹಗುರವಾಯಿತು. ಲೆಕ್ಕದಲ್ಲಿ ತಪ್ಪಿರಲಿಲ್ಲ, ಎಣಿಸಿದ ವಸ್ತುವಿನಲ್ಲಿ ತಪ್ಪಿತ್ತು. ಎಷ್ಟು ಪರದೆ ಒಟ್ಟಿಗೆ ಉರಿಯುತ್ತವೆ ಎಂದು ಎಣಿಸಿದ್ದೆವು, ಯಾರ ಸಮಯ ಎಷ್ಟು ಕಡಿಮೆ ಇದೆ ಎಂದು ಎಣಿಸಿರಲಿಲ್ಲ. ಜಾಹೀರಾತು ಇಲ್ಲದಿರುವುದರಿಂದ ನಿಜವಾದ ಪ್ರಯೋಜನ ಪಡೆಯುವವರು ಆ ಮನೆಯಲ್ಲಿ ಒಬ್ಬರೇ, ಅವರನ್ನು ಬಿಟ್ಟು ಉಳಿದ ಎಲ್ಲರನ್ನೂ ನಾವು ಕೇಳಿದ್ದೆವು. ನನ್ನದೇ ಮನೆಯಲ್ಲಿ ಹತ್ತೂವರೆಯ ನಂತರ ಯಾರು ಏನು ನೋಡುತ್ತಾರೆ ಎಂದು ಯೋಚಿಸಿದೆ. ಗೊತ್ತಿರಲಿಲ್ಲ.

ಮೇಷ್ಟ್ರು ಪೆನ್ಸಿಲ್ ತೆಗೆದುಕೊಂಡು 1499ರಲ್ಲಿ 1048 ಕಳೆದರು. 451. ಹನ್ನೆರಡರಿಂದ ಭಾಗಿಸಿದರು. ಮೂವತ್ತೇಳೂವರೆ ರೂಪಾಯಿ. ‘ತಿಂಗಳಿಗೆ ಇಷ್ಟೇ’ ಎಂದು ಮಗನ ಕಡೆ ನೋಡಿದರು. ಮಗ ತಲೆಯಾಡಿಸಿದರು. ಮೊಮ್ಮಗ ಆಗಲೇ ಫೋನಿನಲ್ಲಿ ಪಾವತಿಯ ಪುಟ ತೆರೆದಿದ್ದ. ವರ್ಷದ ಪ್ರೀಮಿಯಂ. ಮೂರು ತಿಂಗಳಂತೆ ನಾಲ್ಕು ಸಲ ಕಟ್ಟಿದ್ದರೆ 1996 ಆಗುತ್ತಿತ್ತು, ತಿಂಗಳು ತಿಂಗಳು ಕಟ್ಟಿದ್ದರೆ 3588. ಹಾಗಾಗಿ ಅವಧಿಯ ಬಗ್ಗೆ ಚರ್ಚೆಯೇ ಬೇಕಾಗಲಿಲ್ಲ. ನಾಲ್ಕು ಸಾಧನಗಳಿಗೆ ಅವಕಾಶ ಇರುವುದರಿಂದ ಮಗಳಿಗೆ ಬೇರೆ ಯೋಜನೆಯ ಅಗತ್ಯವೂ ಉಳಿಯಲಿಲ್ಲ. ಹೊರಗಿನ ಊರಿಗೆ ಹಂಚುವುದನ್ನು ನಾಳೆ ನಿಲ್ಲಿಸಿದರೆ 149 ಕಟ್ಟಿದರಾಯಿತು, ಅದನ್ನು ತಾನೇ ಕಟ್ಟುತ್ತೇನೆ ಎಂದು ಅವಳು ಫೋನಿನಲ್ಲಿ ಹೇಳಿದಳು.

ಕೇಬಲ್ ಉಳಿಯಿತು. ಅಮ್ಮಾವರು ಕೇಬಲ್‌ನಲ್ಲಿ ನೋಡುವ ಇನ್ನೆರಡು ಧಾರಾವಾಹಿ ಜೀ ಕನ್ನಡದವು, ಅವು ಈ ಚಂದಾದಲ್ಲಿ ಇಲ್ಲ. ಇನ್ನೊಂದು ಆ್ಯಪ್ ಕಲಿಯಲು ಅವರಿಗೆ ಮನಸ್ಸಿರಲಿಲ್ಲ, ರಿಮೋಟಿನಲ್ಲಿ ಚಾನೆಲ್ ಸಂಖ್ಯೆ ಒತ್ತುವುದು ಅವರ ಬೆರಳಿಗೆ ಗೊತ್ತು. ಚಾನೆಲ್ ಪಟ್ಟಿಯಲ್ಲಿ ಯಾರೂ ನೋಡದ ಕೆಲವನ್ನು ತೆಗೆಸಿ ತಿಂಗಳ ಬಿಲ್ಲನ್ನು ಸ್ವಲ್ಪ ಇಳಿಸಿಕೊಟ್ಟೆ.

ಪಾವತಿಯ ಸಮಯದಲ್ಲಿ ಒಂದು ವಿಷಯದಲ್ಲಿ ನಾನು ಹಟ ಹಿಡಿದೆ. ಯುಪಿಐ ಆಟೋಪೇಗೆ ಒಪ್ಪಿಗೆ ಕೊಟ್ಟರೆ ವರ್ಷ ಮುಗಿದಾಗ ಹಣ ತಾನಾಗಿ ಹೋಗುತ್ತದೆ. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. 15,000 ರೂಪಾಯಿಯವರೆಗಿನ ಇಂಥ ಕಡಿತಕ್ಕೆ ಪ್ರತಿ ಸಲ ಪಿನ್ ಕೇಳಬೇಕಾಗಿಲ್ಲ. ಆದರೆ ಆ ಸಂದೇಶ ಬರುವುದು ನೂರಾರು ಸಂದೇಶಗಳ ನಡುವೆ. ನಮ್ಮ ಊರಿನ ಒಬ್ಬ ಅಂಗಡಿಯವರಿಗೆ ಒಂದು ಸೇವೆಯನ್ನು ರದ್ದು ಮಾಡುವ ಗುಂಡಿ ಹುಡುಕಲು ಎರಡು ದಿನ ಬೇಕಾಯಿತು, ಅಷ್ಟರಲ್ಲಿ ಹಣ ಹೋಗಿತ್ತು. ಸೇರುವುದನ್ನು ಸುಲಭ ಮಾಡಿ ಬಿಡುವುದನ್ನು ಕಷ್ಟ ಮಾಡುವ ಇಂಥ ಪದ್ಧತಿಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನ ಮಾರ್ಗಸೂಚಿಯಲ್ಲಿ ಹೆಸರಿಸಿಯೇ ನಿಷೇಧಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆ ಅಂಗಡಿಯವರಿಗೆ ಅದನ್ನು ನಾನೇ ಬರೆದುಕೊಟ್ಟಿದ್ದೆ. ಮೇಷ್ಟ್ರ ಮನೆಯಲ್ಲಿ ಆಟೋಪೇ ಹಾಕಲಿಲ್ಲ. ಚಂದಾ ಮುಗಿಯಬೇಕಿದ್ದದ್ದು 2026ರ ಜೂನ್‌ನಲ್ಲಿ, ಮುಂದಿನ ಐಪಿಎಲ್ ಕಳೆದ ಮೇಲೆ. ಆ ವರ್ಷದ ಕ್ಯಾಲೆಂಡರ್ ಇನ್ನೂ ಬಂದಿರಲಿಲ್ಲವಾದ್ದರಿಂದ ತಾರೀಖನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದಿಟ್ಟರು.

ಜುಲೈ ಮೊದಲ ವಾರ ಅವರ ಬೀದಿಯಲ್ಲಿ ಮರದ ಕೊಂಬೆ ಬಿದ್ದು ಫೈಬರ್ ತುಂಡಾಯಿತು. ಜೋಡಿಸಿ, ಎಲ್ಲರ ಮನೆಯಲ್ಲೂ ದೀಪ ಹಸಿರಾಯಿತೇ ಎಂದು ನೋಡಿಕೊಂಡು ಬರುವಾಗ ರಾತ್ರಿ ಒಂಬತ್ತೂವರೆ. ಮೇಷ್ಟ್ರು ಜಗುಲಿಯಲ್ಲಿ ಶಾಲು ಹೊದ್ದು ಫೋನಿನಲ್ಲಿ ವಾರ್ತೆ ನೋಡುತ್ತಿದ್ದರು. ಒಳಗೆ ಹಾಲ್‌ನ ಟಿವಿಯಲ್ಲಿ ಸಿನಿಮಾ ಓಡುತ್ತಿತ್ತು, ಸೊಸೆ ಮೇಷ್ಟ್ರ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತಿದ್ದರು, ಅಡುಗೆಮನೆಯಲ್ಲಿ ಮೊಮ್ಮಗ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ‘ನೆಟ್ ಬಂತೇ ಮೇಷ್ಟ್ರೇ?’ ಎಂದೆ. ‘ಬಂತು’ ಎಂದರು ಅವರು ಮೆಲ್ಲಗೆ, ‘ಸ್ವಲ್ಪ ಸಣ್ಣಗೆ ಮಾತಾಡಪ್ಪ, ಒಳಗೆ ಸಿನಿಮಾ ನಡೆಯುತ್ತಿದೆ.’